ಒಂದು ಸೆಮಿಸ್ಟರ್, ನಾಲ್ಕು ಜನ, ಒಂದು ಸಾಫ್ಟ್‌ವೇರ್: ಕಾಲೇಜು ಪ್ರಾಜೆಕ್ಟ್‌ಗೆ ಯೋಜನೆ ಹಾಕುವ ಬಗೆ

ಕಾರವಾರವಿರಲಿ, ಶಿರಸಿ, ಕುಮಟಾ, ಭಟ್ಕಳವಿರಲಿ, ಪ್ರಾಜೆಕ್ಟ್ ಸೆಮಿಸ್ಟರಿನ ಪಾಡು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲ ತಿಂಗಳು ವಿಷಯ ಹುಡುಕುವುದರಲ್ಲಿ ಹೋಗುತ್ತದೆ. ಎರಡನೇ ತಿಂಗಳು ಲಾಗಿನ್ ಪುಟಕ್ಕೆ ಬಣ್ಣ ಹಚ್ಚುವುದರಲ್ಲಿ ಹೋಗುತ್ತದೆ. ಕೊನೆಯ ವಾರ ನಾಲ್ಕು ಲ್ಯಾಪ್‌ಟಾಪಿನ ಕೋಡ್ ಒಂದಕ್ಕೊಂದು ಹೊಂದದೆ ಜಾಗರಣೆ. ಇದನ್ನು ತಪ್ಪಿಸಲು ಯೋಜನೆಯನ್ನು ಕೊನೆಯಿಂದ ಮೊದಲಿಗೆ ಹಾಕಬೇಕು: ವೈವಾ ದಿನ ಪರದೆಯ ಮೇಲೆ ಏನು ನಡೆಯಬೇಕು ಎಂದು ಮೊದಲೇ ತೀರ್ಮಾನಿಸಿ, ಅದರ ಅತಿ ಸಣ್ಣ ರೂಪವನ್ನು ಮೂರನೇ ವಾರದೊಳಗೆ ಇಂಟರ್ನೆಟ್ಟಿನಲ್ಲಿ ಓಡಿಸಿ, ಉಳಿದ ವಾರಗಳಲ್ಲಿ ಅದಕ್ಕೆ ಮೈ ತುಂಬಿಸುವುದು.

ಇಲ್ಲಿ ಉದಾಹರಣೆಗೆ ಒಂದೇ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಶಿರಸಿ–ಸಿದ್ದಾಪುರ ಕಡೆಯ ಹಳ್ಳಿಯೊಂದರ ಸಹಕಾರಿ ಸೊಸೈಟಿ. ಸದಸ್ಯರ ಅಡಿಕೆ ತೋಟಕ್ಕೆ ಮದ್ದು ಹೊಡೆಯಲು, ಕೊಟ್ಟೆ (ಮಳೆ ತಾಗದಂತೆ ಗೊನೆಗೆ ಹಾಕುವ ಹೊದಿಕೆ) ಕಟ್ಟಲು, ಕೊನೆ (ಅಡಿಕೆ ಗೊನೆ) ಕೊಯ್ಯಲು ಕೊನೆಗೌಡರನ್ನು, ಅಂದರೆ ಮರ ಹತ್ತುವ ಕೆಲಸಗಾರರನ್ನು, ಕಳಿಸುವ ಕೆಲಸ ಅದರದ್ದು. ಯಾವ ದಿನ ಯಾರು ಯಾರ ತೋಟಕ್ಕೆ ಎನ್ನುವುದು ಈಗ ಒಂದು ನೋಟ್‌ಬುಕ್ಕಿನಲ್ಲಿದೆ. ಅದನ್ನು ವೆಬ್ ಆ್ಯಪ್ ಮಾಡಬೇಕು. ಕರಾವಳಿಯವರು ಇದರ ಜಾಗದಲ್ಲಿ ಹೋಂಸ್ಟೇ ಕೋಣೆಯನ್ನೋ, ಮೀನಿನ ಐಸ್ ಬಾಕ್ಸ್ ಸರದಿಯನ್ನೋ ಇಟ್ಟುಕೊಂಡು ಓದಬಹುದು, ಲೆಕ್ಕಾಚಾರ ಬದಲಾಗುವುದಿಲ್ಲ.

ಮೊದಲು ಗಂಟೆ ಎಣಿಸಿ

ಫೀಚರ್ ಪಟ್ಟಿ ಬರೆಯುವ ಮುಂಚೆ ಕಾಲೇಜಿನ ಶೈಕ್ಷಣಿಕ ವೇಳಾಪಟ್ಟಿ ತೆಗೆದು ಮುಂದಿಟ್ಟುಕೊಳ್ಳಿ. ಸೆಮಿಸ್ಟರ್ 14 ವಾರ ಎಂದುಕೊಳ್ಳಿ. ಉಳಿದ ವಿಷಯಗಳ ಓದು, ರೆಕಾರ್ಡ್, ಬಸ್ಸಿನ ಹೊತ್ತು ಎಲ್ಲ ಕಳೆದರೆ ಒಬ್ಬರು ವಾರಕ್ಕೆ ಪ್ರಾಮಾಣಿಕವಾಗಿ ಕೊಡಬಲ್ಲದ್ದು 6 ಗಂಟೆ. ನಾಲ್ವರಿಗೆ ವಾರಕ್ಕೆ 24. ಹದಿನಾಲ್ಕು ವಾರಕ್ಕೆ 336 ಗಂಟೆ ಎಂದು ಹಿಗ್ಗಬೇಡಿ. ಇಂಟರ್ನಲ್ಸ್ ಮೂರು ವಾರ ಯಾರೂ ಕೋಡ್ ಮುಟ್ಟುವುದಿಲ್ಲ. ಚೌತಿಗೋ ದೀಪಾವಳಿಗೋ ಒಂದು ವಾರ ಹಾಸ್ಟೆಲ್ ಖಾಲಿ. ಶಿರಸಿಯವರಿಗೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬೇರೆ. ಕೊನೆಯ ಎರಡು ವಾರ ವರದಿಗೆ ಮತ್ತು ಡೆಮೊಗೆ. ಉಳಿದದ್ದು 8 ವಾರ, ಅಂದರೆ 192 ಗಂಟೆ. ಇದರಲ್ಲಿ ಮೂರನೇ ಒಂದು ಭಾಗ ಕೋಡ್ ಕೂಡಿಸಲು, ದೋಷ ತಿದ್ದಲು, ಸೊಸೈಟಿಗೆ ಹೋಗಿಬರಲು ಬೇಕೇ ಬೇಕು. ಹೊಸದಾಗಿ ಏನಾದರೂ ಕಟ್ಟಲು ಕೈಯಲ್ಲಿರುವುದು 128 ಗಂಟೆ.

ಈ 128ರೊಳಗೆ ಹಿಡಿಸುವುದು ಏನೆಂದು ನೋಡಿ. ಕೊನೆಗೌಡರ ಪಟ್ಟಿಗೆ 10 ಗಂಟೆ, ತೋಟ ಮತ್ತು ಮಾಲೀಕರ ನೋಂದಣಿಗೆ 12, ಬುಕಿಂಗ್‌ಗೆ 30, ಮಳೆ ಬಂದರೆ ಮುಂದೂಡುವುದಕ್ಕೆ 24, ಲಾಗಿನ್‌ಗೆ 14, ದಿನದ ಪಟ್ಟಿ ಪ್ರಿಂಟ್ ತೆಗೆಯಲು 12. ಒಟ್ಟು 102. ಉಳಿದ 26 ಗಂಟೆಯನ್ನು ಹೋಸ್ಟಿಂಗ್ (ಆ್ಯಪನ್ನು ಇಂಟರ್ನೆಟ್ಟಿನ ಸರ್ವರಿನಲ್ಲಿ ಇಟ್ಟು ಓಡಿಸುವುದು) ಮತ್ತು ಕನ್ನಡ ಅಕ್ಷರದ ತಾಪತ್ರಯ ನುಂಗುತ್ತವೆ. ಇನ್ನೊಂದು ಫೀಚರಿಗೆ ಜಾಗವಿಲ್ಲ. ಯಾರಾದರೂ ಉತ್ಸಾಹದಲ್ಲಿ "ಅಡಿಕೆ ದರವನ್ನೂ ಎಐ ಮೂಲಕ ಹೇಳಿಬಿಡೋಣ" ಎಂದರೆ, ಅದಕ್ಕೆ ಬೇಕಾದ ಗಂಟೆ ಯಾವುದರಿಂದ ಕೀಳುತ್ತೀರಿ ಎಂದು ಕೇಳಿ. ಉತ್ತರ ಇರುವುದಿಲ್ಲ.

ಪ್ರತಿ ಅಂದಾಜನ್ನು ಇಬ್ಬರು ಬೇರೆಬೇರೆಯಾಗಿ ಬರೆದು ಆಮೇಲೆ ತಾಳೆ ನೋಡಿ. ಒಬ್ಬರು 4 ಗಂಟೆ, ಇನ್ನೊಬ್ಬರು 20 ಗಂಟೆ ಬರೆದಿದ್ದರೆ ಇಬ್ಬರ ತಲೆಯಲ್ಲಿ ಇರುವ ಕೆಲಸವೇ ಬೇರೆ ಎಂದರ್ಥ. ಆ ಅಂತರ ಎರಡನೇ ವಾರ ಸಿಕ್ಕರೆ ಹತ್ತು ನಿಮಿಷದ ಮಾತು. ಹನ್ನೊಂದನೇ ವಾರ ಸಿಕ್ಕರೆ ಜಗಳ.

ಸೊಸೈಟಿಗೆ ಹೋಗಿ ಕೇಳುವುದು

ಮೊದಲ ವಾರವೇ ಹೋಗಿ, ಇಬ್ಬರು ಹೋಗಿ. ಒಬ್ಬರು ಮಾತಾಡಲು, ಒಬ್ಬರು ಬರೆದುಕೊಳ್ಳಲು. "ನಿಮಗೆ ಎಂಥಾ ಆ್ಯಪ್ ಬೇಕು?" ಎಂದು ಕೇಳಬೇಡಿ, ಅದಕ್ಕೆ ಅವರು ಮರ್ಯಾದೆಗೆ ಏನೋ ಒಂದು ಹೇಳಿ ಚಹಾ ಕೊಟ್ಟು ಕಳಿಸುತ್ತಾರೆ. "ಹೋದ ವಾರ ಮಳೆ ಹಿಡಿದು ಕೆಲಸ ನಿಂತಿತಲ್ಲ, ಆವಾಗ ಏನು ಮಾಡಿದ್ರಿ? ಆ ದಿನದ ಪುಸ್ತಕ ಸ್ವಲ್ಪ ತೋರಿಸ್ತೀರಾ?" ಎಂದು ಕೇಳಿ. ಪುಸ್ತಕದ ನಾಲ್ಕು ಪುಟ ನೋಡಿದರೆ ಸಾಕು, ಅರ್ಧ ವಿನ್ಯಾಸ ಅಲ್ಲೇ ಇರುತ್ತದೆ. ಹೊಡೆದುಹಾಕಿದ ಸಾಲು, ಪಕ್ಕದಲ್ಲಿ ಬಾಣ ಹಾಕಿ ಬರೆದ ಇನ್ನೊಂದು ತಾರೀಖು, "ಮಧ್ಯಾಹ್ನ ಮೇಲೆ" ಎಂಬ ಟಿಪ್ಪಣಿ. ಈ ಕೊನೆಯದು ಬಹಳ ಮುಖ್ಯ. ಸಣ್ಣ ತೋಟವಾದರೆ ಒಬ್ಬ ಕೊನೆಗೌಡ ಒಂದೇ ದಿನ ಎರಡು ಕಡೆ ಹೋಗುತ್ತಾನೆ. ಇದು ಗೊತ್ತಿಲ್ಲದೆ "ಒಬ್ಬರಿಗೆ ದಿನಕ್ಕೊಂದೇ ಬುಕಿಂಗ್" ಎಂದು ಡೇಟಾಬೇಸಿನ ಟೇಬಲ್ (ದಾಖಲೆಗಳನ್ನು ಸಾಲುಸಾಲಾಗಿ ಇಡುವ ಪಟ್ಟಿ) ಕಟ್ಟಿದರೆ ಮುಂದೆ ಎಲ್ಲ ಪುಟ ಬಿಚ್ಚಬೇಕಾಗುತ್ತದೆ.

ಇನ್ನೂ ಮೂರು ಸಂಗತಿ ಕೇಳಿಕೊಂಡು ಬನ್ನಿ. ಕೂಲಿಯ ಲೆಕ್ಕ ದಿನಕ್ಕೋ, ಕೊನೆಗೋ, ಮದ್ದಿನ ಬ್ಯಾರಲ್ಲಿಗೋ? ಗಡಿಬಿಡಿಯ ತಿಂಗಳು ಯಾವುದು? (ಮಳೆಗಾಲದ ಹೊಸ್ತಿಲಲ್ಲಿ ಮೊದಲ ಮದ್ದು, ಸುಮಾರು 40–45 ದಿನಕ್ಕೆ ಎರಡನೆಯದು, ಆಗ ಎಲ್ಲರಿಗೂ ಒಂದೇ ವಾರ ಜನ ಬೇಕು.) ಮತ್ತು ಈ ಆ್ಯಪನ್ನು ನಿಜವಾಗಿ ಒತ್ತುವವರು ಯಾರು? ಹೆಚ್ಚಿನ ಸಲ ಸೊಸೈಟಿಯ ಒಬ್ಬ ಗುಮಾಸ್ತರು, ಒಂದು ಹಳೆಯ ಕಂಪ್ಯೂಟರ್. ರೈತರಾಗಲಿ ಕೊನೆಗೌಡರಾಗಲಿ ಆ್ಯಪ್ ತೆರೆಯುವುದಿಲ್ಲ, ಫೋನ್ ಮಾಡುತ್ತಾರೆ. ಅಂದಮೇಲೆ ಮೂರು ಬಗೆಯ ಲಾಗಿನ್, ಮೂರು ಡ್ಯಾಶ್‌ಬೋರ್ಡ್ ಬೇಕಿಲ್ಲ. ಒಂದೇ ಸಾಕು. ಒಂದು ಭೇಟಿಯಿಂದ ಉಳಿಯುವ ಕೆಲಸ ಇಷ್ಟು.

ಬೇಡದ್ದರ ಪಟ್ಟಿ

ಸಿನಾಪ್ಸಿಸ್ ಬರೆಯುವಾಗ ಏನು ಮಾಡುತ್ತೇವೆ ಎನ್ನುವುದರ ಕೆಳಗೇ ಏನು ಮಾಡುವುದಿಲ್ಲ ಎನ್ನುವುದನ್ನೂ ಬರೆದು ಗೈಡ್ ಸಹಿ ಪಡೆಯಿರಿ. ಮಧ್ಯದಲ್ಲಿ "ಪೇಮೆಂಟ್ ಯಾಕಿಲ್ಲ?" ಎಂಬ ಪ್ರಶ್ನೆ ಬಂದಾಗ ಆ ಹಾಳೆ ನಿಮ್ಮನ್ನು ಕಾಯುತ್ತದೆ. ನಮ್ಮ ಉದಾಹರಣೆಗೆ ಬೇಡವಾದವು, ಕಾರಣ ಸಮೇತ:

ಎಸ್ಸೆಮ್ಮೆಸ್. ಸುಲಭ ಎನಿಸುತ್ತದೆ, ಆದರೆ ಭಾರತದಲ್ಲಿ ಸಾಫ್ಟ್‌ವೇರಿನಿಂದ ಎಸ್ಸೆಮ್ಮೆಸ್ ಕಳಿಸಲು ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದ ಪ್ರಕಾರ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ಸಂಸ್ಥೆಯ ನೋಂದಣಿ ಬೇಕು, ಕಳಿಸುವವರ ಹೆಸರಿಗೂ ಸಂದೇಶದ ಮಾದರಿಗೂ ಒಪ್ಪಿಗೆ ಬೇಕು. ವಿದ್ಯಾರ್ಥಿಗಳ ತಂಡಕ್ಕೆ ಅದು ಸೆಮಿಸ್ಟರೊಳಗೆ ಮುಗಿಯುವ ಬಾಬತ್ತಲ್ಲ. ಬದಲಿಗೆ ಒಂದು ವಾಟ್ಸ್ಆ್ಯಪ್ ಕೊಂಡಿ ಇಡಿ: ಒತ್ತಿದರೆ ಆ ನಂಬರಿನ ಚಾಟ್ ತೆರೆದು, "ನಾಳೆ ಬೆಳಿಗ್ಗೆ ನಿಮ್ಮ ತೋಟಕ್ಕೆ ಜನ ಬರುತ್ತಾರೆ" ಎಂಬ ಸಾಲು ತಾನೇ ತುಂಬಿರುತ್ತದೆ, ಗುಮಾಸ್ತರು ಕಳಿಸು ಎಂದು ಒತ್ತಿದರಾಯಿತು. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ.

ಪ್ಲೇ ಸ್ಟೋರ್. ಖಾತೆಗೆ ಒಮ್ಮೆ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯಾದರೆ 12 ಜನ ಪರೀಕ್ಷಕರು 14 ದಿನ ಸತತ ಇದ್ದು ಕ್ಲೋಸ್ಡ್ ಟೆಸ್ಟ್ (ಆಯ್ದವರಷ್ಟೇ ಬಳಸಿ ನೋಡುವ ಪರೀಕ್ಷೆ) ಮುಗಿಯದೆ ಆ್ಯಪ್ ಹೊರಬರುವುದಿಲ್ಲ. ಮೊಬೈಲಿನಲ್ಲೂ ಚೆನ್ನಾಗಿ ಕಾಣುವ ವೆಬ್ ಪುಟ ಸಾಕು.

ನಿಜವಾದ ಪಾವತಿ. ಕೆವೈಸಿ, ಬ್ಯಾಂಕ್ ಖಾತೆ ಎಲ್ಲ ಯಾರ ಹೆಸರಿನಲ್ಲಿ? ತೋರಿಸಲೇಬೇಕೆಂದಿದ್ದರೆ ಪೇಮೆಂಟ್ ಗೇಟ್‌ವೇಯ ಟೆಸ್ಟ್ ಮೋಡ್‌ನಲ್ಲಿ ನಿಲ್ಲಿಸಿ.

ಕೆಲಸ ಹಂಚುವುದು

ಒಬ್ಬರಿಗೆ ಫ್ರಂಟ್‌ಎಂಡ್ (ಕಣ್ಣಿಗೆ ಕಾಣುವ ಪುಟ), ಒಬ್ಬರಿಗೆ ಬ್ಯಾಕ್‌ಎಂಡ್ (ಸರ್ವರ್ ಕೋಡ್), ಒಬ್ಬರಿಗೆ ಡೇಟಾಬೇಸ್, ಒಬ್ಬರಿಗೆ ರಿಪೋರ್ಟ್: ಎಲ್ಲ ಕಡೆ ಕಾಣುವ ಹಂಚಿಕೆ ಇದು, ಎಲ್ಲ ಕಡೆ ಕೆಡುವುದೂ ಇದೇ. ಡೇಟಾಬೇಸ್‌ನವರು ಎರಡನೇ ವಾರ ಮುಗಿಸಿ ಕೈ ಕಟ್ಟಿ ಕೂರುತ್ತಾರೆ. ಫ್ರಂಟ್‌ಎಂಡಿನವರು ಬ್ಯಾಕ್‌ಎಂಡ್ ಬರಲೆಂದು ಕಾಯುತ್ತಾರೆ. ರಿಪೋರ್ಟ್‌ನವರಿಗೆ ಕೋಡ್ ಏನೆಂದೇ ಗೊತ್ತಿಲ್ಲ, ವೈವಾದಲ್ಲಿ ಮೊದಲ ಪ್ರಶ್ನೆ ಅವರಿಗೇ ಬೀಳುತ್ತದೆ.

ಅಡ್ಡಕ್ಕೆ ಸೀಳದೆ ಉದ್ದಕ್ಕೆ ಸೀಳಿ. ಕೊನೆಗೌಡರ ಪಟ್ಟಿ ಒಬ್ಬರಿಗೆ ಎಂದರೆ ಅದರ ಟೇಬಲ್, ಸರ್ವರ್ ಕೋಡ್, ಪುಟ, ವರದಿಯ ಆ ಅಧ್ಯಾಯ, ನಾಲ್ಕೂ ಅವರದ್ದೇ. ಬುಕಿಂಗ್ ದೊಡ್ಡದು, ಇಬ್ಬರು ಕೂತು ಮಾಡಲಿ. ಪ್ರತಿ ತುಂಡಿಗೆ ಒಬ್ಬ ಜೊತೆಗಾರ ಇರಬೇಕು: ಆ ಕೋಡನ್ನು ಓದಿ ಒಪ್ಪುವವರು, ಮುಖ್ಯದವರಿಗೆ ಜ್ವರ ಬಂದರೆ ಮುಂದುವರಿಸಬಲ್ಲವರು. ಇದರ ಜೊತೆ ಒಬ್ಬರು ಕೂಡಿಸುವ ಹೊಣೆ ಹೊರಬೇಕು. ಎಲ್ಲರ ಕೋಡ್ ಸೇರಿ ಓಡುತ್ತಿದೆಯೇ ಎಂದು ವಾರಕ್ಕೆ ಎರಡು ಸಲ ನೋಡುವುದು ಅವರ ಪಾಲು. ಅವರಿಗೆ ಫೀಚರ್ ಕೆಲಸ ಸ್ವಲ್ಪ ಕಡಿಮೆ ಕೊಡಿ.

ತಂಡ ನಾಲ್ಕು ಜನರದ್ದಾದರೆ ಇಬ್ಬಿಬ್ಬರ ನಡುವಿನ ಮಾತಿನ ದಾರಿ 6. ಐವರಾದರೆ 10, ಆರಾದರೆ 15. ಗೆಳೆಯ ಎಂಬ ದಾಕ್ಷಿಣ್ಯಕ್ಕೆ ಆರನೆಯವರನ್ನು ಸೇರಿಸಿಕೊಳ್ಳುವ ಮುಂಚೆ ಈ ಲೆಕ್ಕ ನೆನಪಿರಲಿ.

ಹಂಚುವಾಗ ಯಾರು ಎಲ್ಲಿಂದ ಬರುತ್ತಾರೆ ಎನ್ನುವುದನ್ನೂ ನೋಡಿ. ಹಾಸ್ಟೆಲಿನಲ್ಲಿರುವವರಿಗೆ ರಾತ್ರಿ ವೈಫೈ ಇದೆ. ಅಂಕೋಲಾದಿಂದ ದಿನಾ ಬಸ್ಸಿಗೆ ಬರುವವರಿಗೆ ಸಂಜೆ ಐದರ ನಂತರ ಸಭೆ ಇಟ್ಟರೆ ಆಗದು. ಘಟ್ಟದ ಮೇಲಿನ ಒಳಹಳ್ಳಿಯಲ್ಲಿ ಮನೆ ಇರುವವರಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಬರದಿದ್ದರೂ ಆಶ್ಚರ್ಯವಿಲ್ಲ. ಅಂಥವರಿಗೆ ಕ್ಲೌಡ್ ಡೇಟಾಬೇಸ್ ಇಲ್ಲದೆ ಒಂದು ಸಾಲೂ ಓಡದ ಕೆಲಸ ಕೊಡಬೇಡಿ. ಎಲ್ಲರ ಲ್ಯಾಪ್‌ಟಾಪಿನಲ್ಲೂ ಡೇಟಾಬೇಸ್ ಲೋಕಲ್ ಆಗಿ ಓಡುವಂತೆ ಮೊದಲ ದಿನವೇ ಮಾಡಿಕೊಂಡರೆ ಈ ತಲೆನೋವೇ ಇಲ್ಲ. ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್, ಎಲ್ಲರದ್ದೂ ಒಂದೇ ಆವೃತ್ತಿ.

ಟೇಬಲ್ ವಿನ್ಯಾಸ: ಇಲ್ಲಿ ನಿಧಾನ ಮಾಡಿ

ಎರಡನೇ ವಾರ ಪೂರ್ತಿ ಕಾಗದದ ಮೇಲೆ ಕಳೆದರೂ ನಷ್ಟವಿಲ್ಲ. ನಮ್ಮ ಆ್ಯಪ್‌ಗೆ ಮೂರೇ ಮುಖ್ಯ ಟೇಬಲ್: ಕೊನೆಗೌಡ, ತೋಟ, ಬುಕಿಂಗ್. ಬುಕಿಂಗ್‌ನಲ್ಲಿ ಯಾರು, ಯಾವ ತೋಟ, ಯಾವ ದಿನ, ಯಾವ ಹೊತ್ತು (ಬೆಳಿಗ್ಗೆ/ಮಧ್ಯಾಹ್ನ), ಯಾವ ಕೆಲಸ, ಯಾವ ಸ್ಥಿತಿ. ಸ್ಥಿತಿ ನಾಲ್ಕು: ನಿಗದಿ, ಮುಂದೂಡಿದೆ, ಮುಗಿದಿದೆ, ರದ್ದು.

ಮೊದಲು ಎಡವುವುದು ಡಬಲ್ ಬುಕಿಂಗ್‌ನಲ್ಲಿ. ಹೆಚ್ಚಿನ ತಂಡ ಹೀಗೆ ಬರೆಯುತ್ತದೆ: ಆ ದಿನ ಆ ಕೊನೆಗೌಡ ಖಾಲಿಯೇ ಎಂದು ಡೇಟಾಬೇಸನ್ನು ಕೇಳು, ಖಾಲಿಯಿದ್ದರೆ ಹೊಸ ಸಾಲು ಸೇರಿಸು. ಒಬ್ಬರೇ ಪರೀಕ್ಷಿಸುವಾಗ ಇದು ಎಂದೂ ತಪ್ಪುವುದಿಲ್ಲ. ಮುಂದೆ ಸೊಸೈಟಿಗೆ ಎರಡನೇ ಕಂಪ್ಯೂಟರ್ ಬಂದು, ಎರಡರಿಂದಲೂ ಒಂದೇ ಕ್ಷಣ ಒತ್ತಿದರೆ ಇಬ್ಬರಿಗೂ "ಖಾಲಿ" ಎಂಬ ಉತ್ತರ ಬರುತ್ತದೆ, ಎರಡೂ ಸಾಲು ಸೇರುತ್ತವೆ. ಮರುದಿನ ಎರಡು ಮನೆಯವರು ಬುತ್ತಿ ಕಟ್ಟಿ ಕಾಯುತ್ತಾರೆ. ತಡೆಯಬೇಕಾದ್ದು ಡೇಟಾಬೇಸೇ: ಕೊನೆಗೌಡ, ದಿನ, ಹೊತ್ತು ಈ ಮೂರರ ಮೇಲೆ ಯುನೀಕ್ ಇಂಡೆಕ್ಸ್ (ಮೂರೂ ಒಂದೇ ಆಗಿರುವ ಎರಡು ಸಾಲು ಇರಲು ಬಿಡದ ನಿಯಮ) ಹಾಕಿ. ಆಗ ಎರಡನೆಯ ಸಾಲು ದೋಷ ಕೊಟ್ಟು ನಿಲ್ಲುತ್ತದೆ. ಆ ದೋಷವನ್ನು ಹಿಡಿದು "ಈ ಹೊತ್ತು ಈಗಷ್ಟೇ ಭರ್ತಿಯಾಯಿತು" ಎಂದು ತೋರಿಸಿ.

ಆದರೆ ರದ್ದಾದ ಬುಕಿಂಗ್ ಕೂಡ ಟೇಬಲ್ಲಿನಲ್ಲೇ ಉಳಿದರೆ, ಅದೇ ಹೊತ್ತಿಗೆ ಹೊಸಬರನ್ನು ಸೇರಿಸಲು ಇಂಡೆಕ್ಸ್ ಬಿಡುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ರದ್ದಾದ, ಮುಂದೂಡಿದ ಸಾಲುಗಳನ್ನು ಬಿಟ್ಟು ಉಳಿದವಕ್ಕಷ್ಟೇ ಅನ್ವಯಿಸುವ ಪಾರ್ಶಿಯಲ್ ಇಂಡೆಕ್ಸ್ ಹಾಕಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ರದ್ದಾದ ಸಾಲುಗಳನ್ನು ಇನ್ನೊಂದು ಇತಿಹಾಸ ಟೇಬಲ್ಲಿಗೆ ಸಾಗಿಸಿ, ಇಲ್ಲವೇ ರದ್ದಾದಾಗ ಹೊತ್ತಿನ ಕಾಲಂ ನಲ್ (ಖಾಲಿ) ಮಾಡಿ. ನಲ್ ಎಷ್ಟಿದ್ದರೂ ಯುನೀಕ್ ಇಂಡೆಕ್ಸ್ ತಕರಾರು ಮಾಡುವುದಿಲ್ಲ. ವೈವಾದಲ್ಲಿ ಪರೀಕ್ಷಕರಿಗೆ ತೋರಿಸಲು ಇಡೀ ಪ್ರಾಜೆಕ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಎರಡು ಬ್ರೌಸರ್ ಪಕ್ಕಪಕ್ಕ ತೆರೆದು ಒಟ್ಟಿಗೆ ಒತ್ತಿ ತೋರಿಸಿ.

ಎರಡನೇ ಸಲ ಎಡವುವುದು ತಾರೀಖಿನಲ್ಲಿ. ಹೋಸ್ಟಿಂಗ್ ಸರ್ವರಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಜೂನ್ 10 ಎಂದು ಆರಿಸಿದ್ದನ್ನು ಜೂನ್ 10ರ ನಡುರಾತ್ರಿ 12 ಗಂಟೆ ಎಂದು ಟೈಮ್‌ಸ್ಟ್ಯಾಂಪ್ ಮಾಡಿ ಉಳಿಸಿದರೆ, ಸರ್ವರಿಗೆ ಅದು ಜೂನ್ 9ರ ಸಂಜೆ 6:30. ಪಟ್ಟಿಯಲ್ಲಿ ಎಲ್ಲ ಬುಕಿಂಗ್ ಒಂದು ದಿನ ಹಿಂದೆ ಕಾಣುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದು ಹೋಸ್ಟ್ ಮಾಡಿದ ಮೇಲೆ ತಪ್ಪುವುದರಿಂದ ಕಾರಣ ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ. ಬುಕಿಂಗ್ ದಿನಕ್ಕೆ ಗಂಟೆ-ನಿಮಿಷದ ಹಂಗಿಲ್ಲ. ಡೇಟ್ ಮಾದರಿಯ ಕಾಲಂ ಬಳಸಿ, ಜಾವಾಸ್ಕ್ರಿಪ್ಟಿನಿಂದ ಸರ್ವರಿಗೆ ಕಳಿಸುವಾಗಲೂ ವರ್ಷ-ತಿಂಗಳು-ದಿನದ ಬರಿ ಅಕ್ಷರಸಾಲಾಗಿ ಕಳಿಸಿ.

ಕೂಲಿ ಹಣವನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಾಗಿ ಇಡುವ ಮಾದರಿ) ಇಡಬೇಡಿ. ಡೆಸಿಮಲ್, ಇಲ್ಲವೇ ಪೈಸೆಯ ಪೂರ್ಣಾಂಕ.

ಮೂರನೇ ವಾರದ ಬಡಕಲು ಆವೃತ್ತಿ

ಮೂರನೇ ವಾರದ ಶನಿವಾರಕ್ಕೆ ಇಷ್ಟು ಆಗಿರಬೇಕು: ಒಂದು ಪುಟ, ಅದರಲ್ಲಿ ಹೆಸರು ಮತ್ತು ದಿನ ತುಂಬುವ ಎರಡು ಚೌಕ, ಒಂದು ಗುಂಡಿ. ಒತ್ತಿದರೆ ಡೇಟಾಬೇಸಿಗೆ ಹೋಗಿ, ಕೆಳಗೆ ಪಟ್ಟಿಯಲ್ಲಿ ಕಾಣಬೇಕು. ಬಣ್ಣವಿಲ್ಲ, ಲಾಗಿನ್ ಇಲ್ಲ. ಆದರೆ ಇದು ಹೊರಗಿನ ಹೋಸ್ಟಿಂಗಿನಲ್ಲಿ ಓಡುತ್ತಿರಬೇಕು, ನಾಲ್ವರ ಮೊಬೈಲಿನಲ್ಲೂ ತೆರೆಯಬೇಕು. ನೋಡಲು ಏನೂ ಇಲ್ಲದ ಈ ಪುಟ ಹೋಸ್ಟಿಂಗ್, ಡೇಟಾಬೇಸ್ ಸಂಪರ್ಕ, ಪಾಸ್‌ವರ್ಡ್ ಇಡುವ ಜಾಗ, ಕನ್ನಡ ಅಕ್ಷರ ಇವೆಲ್ಲದರ ತೊಂದರೆಯನ್ನು ಮೂರನೇ ವಾರಕ್ಕೇ ಹೊರಗೆಳೆಯುತ್ತದೆ. ಲಾಗಿನ್‌ನಿಂದ ಶುರು ಮಾಡುವ ತಂಡಕ್ಕೆ ಇದು ಹನ್ನೆರಡನೇ ವಾರ ಗೊತ್ತಾಗುತ್ತದೆ.

ಪುಕ್ಕಟೆ ಹೋಸ್ಟಿಂಗಿನ ಷರತ್ತು ಓದಿಯೇ ಆರಿಸಿ. ರೆಂಡರ್‌ನ ಪುಕ್ಕಟೆ ವೆಬ್ ಸರ್ವಿಸ್ 15 ನಿಮಿಷ ಯಾರೂ ಬರದಿದ್ದರೆ ಮಲಗುತ್ತದೆ, ಮತ್ತೆ ಏಳಲು ಒಂದು ನಿಮಿಷದ ತನಕ ಹಿಡಿಯುತ್ತದೆ. ಅದರದ್ದೇ ಪುಕ್ಕಟೆ ಪೋಸ್ಟ್‌ಗ್ರೆಸ್ 30 ದಿನಕ್ಕೆ ಅವಧಿ ಮುಗಿಸುತ್ತದೆ. ಮೂರನೇ ವಾರ ತೆರೆದದ್ದು ಡೆಮೊ ದಿನಕ್ಕೆ ಇರುವುದಿಲ್ಲ. ಸೂಪಾಬೇಸ್‌ನ ಪುಕ್ಕಟೆ ಪ್ರಾಜೆಕ್ಟ್ ಒಂದು ವಾರ ಬಳಸದಿದ್ದರೆ ನಿಂತಿರುತ್ತದೆ, ಇಂಟರ್ನಲ್ಸ್ ಮುಗಿಸಿ ಬಂದು ನೋಡುವಾಗ ಗಾಬರಿ ಬೀಳಬೇಡಿ, ಮತ್ತೆ ಚಾಲೂ ಮಾಡಬಹುದು. ಗೂಗಲ್‌ನ ಡೇಟಾಬೇಸ್ ಫೈರ್‌ಸ್ಟೋರ್‌ನ ಪುಕ್ಕಟೆ ಮಿತಿ ದಿನಕ್ಕೆ 50,000 ಓದು, 20,000 ಬರಹ. ಸಾಕಷ್ಟಾಯಿತು ಎನಿಸುತ್ತದೆ. ಆದರೆ 500 ಬುಕಿಂಗ್ ಇರುವ ಪಟ್ಟಿಯನ್ನು ಪ್ರತಿ ಸಲ ಪೂರ್ತಿ ಎಳೆದರೆ ನೂರು ಸಲ ಪುಟ ತೆರೆಯುವಷ್ಟರಲ್ಲಿ ಆ ದಿನದ ಕೋಟಾ ಖಾಲಿ.

ಕಾಲೇಜಿನ ವೈಫೈ ಬೇರೆ ಕಾಟ ಕೊಡುತ್ತದೆ. ಫೈರ್‌ವಾಲ್ ಎಷ್ಟೋ ಕಡೆ ವೆಬ್ ಬಿಟ್ಟು ಉಳಿದ ಪೋರ್ಟುಗಳನ್ನು (ಸಂಪರ್ಕದ ಬಾಗಿಲುಗಳನ್ನು) ಮುಚ್ಚಿರುತ್ತದೆ: ಮಾಂಗೊಡಿಬಿಯ 27017, ಪೋಸ್ಟ್‌ಗ್ರೆಸ್‌ನ 5432. ಮನೆಯಲ್ಲಿ ಓಡಿದ್ದು ಲ್ಯಾಬಿನಲ್ಲಿ ಓಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಮಾಂಗೊಡಿಬಿ ಅಟ್ಲಾಸ್ ಬಳಸುವವರಿಗೆ ಇನ್ನೊಂದು: ಅನುಮತಿ ಪಟ್ಟಿಯಲ್ಲಿ ಇರುವ ಐಪಿ ವಿಳಾಸಕ್ಕಷ್ಟೇ ಅದು ಬಾಗಿಲು ತೆಗೆಯುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ಬದಲಿಸಿದರೆ ಐಪಿಯೂ ಬದಲು.

ಗಿಟ್ ಶಿಸ್ತು

ವಾಟ್ಸ್ಆ್ಯಪ್‌ನಲ್ಲಿ ಜಿಪ್ ಕಳಿಸುವುದು ಮೊದಲ ದಿನದಿಂದಲೇ ಬಂದ್. ಬದಲಿಗೆ ಗಿಟ್, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನ. ಅದರ ದೊಡ್ಡ ಉಪಕಾರ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೆಚ್ಚೇ: ನೆಟ್ ಇಲ್ಲದೆಯೂ ಕಮಿಟ್ ಮಾಡುತ್ತ (ಬದಲಾವಣೆ ದಾಖಲಿಸುತ್ತ) ಹೋಗಬಹುದು, ಕಾಲೇಜಿಗೆ ಬಂದಾಗ ಪುಶ್ ಮಾಡಿದರಾಯಿತು (ಗಿಟ್‌ಹಬ್ ತಾಣಕ್ಕೆ ಏರಿಸಿದರಾಯಿತು).

ಮೇನ್ ಬ್ರಾಂಚಿಗೆ (ಎಲ್ಲರ ಕೋಡ್ ಸೇರುವ ಮುಖ್ಯ ಪ್ರತಿಗೆ) ಯಾರೂ ನೇರ ಪುಶ್ ಮಾಡದಂತೆ ಗಿಟ್‌ಹಬ್ ಸೆಟ್ಟಿಂಗಿನಲ್ಲಿ ಬೀಗ ಹಾಕಿ. ಪ್ರತಿ ಕೆಲಸಕ್ಕೆ ಒಂದು ಬ್ರಾಂಚ್, ಜೊತೆಗಾರ ಓದಿದ ಮೇಲೆ ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳುವ ಕೋರಿಕೆ) ಮೂಲಕ ಸೇರಬೇಕು. ಬ್ರಾಂಚಿನ ಆಯುಸ್ಸು ಎರಡು-ಮೂರು ದಿನ ಮೀರದಿರಲಿ. ಮೂರು ವಾರ ಒಬ್ಬರೇ ಇಟ್ಟುಕೊಂಡ ಬ್ರಾಂಚನ್ನು ಕೂಡಿಸಲು ಹೋದರೆ ಕಾನ್‌ಫ್ಲಿಕ್ಟ್ ಬಿಡಿಸುವುದರಲ್ಲಿ ಇನ್ನೊಂದು ವಾರ ಹೋಗುತ್ತದೆ, ಕೊನೆಗೆ ಸಿಟ್ಟು ಬಂದು ಯಾರದ್ದೋ ಕೋಡ್ ಅಳಿಸಿಹೋಗುತ್ತದೆ.

ಮೊದಲ ಕಮಿಟ್‌ಗೂ ಮುಂಚೆ ಗಿಟ್‌ಇಗ್ನೋರ್ ಕಡತ (ಗಿಟ್ ಮುಟ್ಟಬಾರದವುಗಳ ಪಟ್ಟಿ) ಬರೆಯಿರಿ. ನೋಡ್ ಮಾಡ್ಯೂಲ್ಸ್ ಫೋಲ್ಡರ್, ಪೈಥಾನ್‌ನವರಾದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಫೋಲ್ಡರ್, ಪಾಸ್‌ವರ್ಡ್ ಇರುವ ಎನ್ವ್ ಕಡತ, ಈ ಮೂರೂ ಅದರಲ್ಲಿರಲಿ. 100 ಎಂಬಿ ಮೀರಿದ ಕಡತವನ್ನು ಗಿಟ್‌ಹಬ್ ಹೇಗೂ ತೆಗೆದುಕೊಳ್ಳುವುದಿಲ್ಲ. ಡೇಟಾಬೇಸ್ ಪಾಸ್‌ವರ್ಡ್ ಅಕಸ್ಮಾತ್ ಪುಶ್ ಆಗಿಹೋದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಪ್ರಯೋಜನವಿಲ್ಲ, ಹಳೆಯ ಕಮಿಟ್‌ನಲ್ಲಿ ಹಾಗೇ ಕೂತಿರುತ್ತದೆ. ಪಾಸ್‌ವರ್ಡನ್ನೇ ಬದಲಿಸಿ. ಸೊಸೈಟಿಯವರು ಕೊಟ್ಟ ನಿಜವಾದ ಹೆಸರು, ಫೋನ್ ನಂಬರು ಕೂಡ ರೆಪೊಸಿಟರಿಗೆ ಹೋಗಕೂಡದು. ಪರೀಕ್ಷೆಗೆ ಸುಳ್ಳು ಹೆಸರಿನ ಡೇಟಾ ತುಂಬುವ ಒಂದು ಸ್ಕ್ರಿಪ್ಟ್ ಬರೆದಿಡಿ, 300 ಬುಕಿಂಗ್ ಆದರೂ ಇರಲಿ. ಐದು ಸಾಲಿನಲ್ಲಿ ಚಂದ ಕಂಡ ಪುಟ ಮುನ್ನೂರರಲ್ಲಿ ಹೇಗೆ ಕಾಣುತ್ತದೆ ಎನ್ನುವುದು ಬೇರೆಯೇ.

ಲ್ಯಾಬಿನ ಕಂಪ್ಯೂಟರಿನಲ್ಲಿ ಕಮಿಟ್ ಮಾಡುವವರು ಯೂಸರ್ ನೇಮ್ ಯಾರದ್ದಿದೆ ಎಂದು ನೋಡಿ. ಹಿಂದಿನ ಬ್ಯಾಚಿನ ಯಾರೋ ಬಿಟ್ಟುಹೋದ ಹೆಸರಿನಲ್ಲಿ ನಿಮ್ಮ ತಿಂಗಳ ದುಡಿಮೆ ದಾಖಲಾಗುತ್ತಿರಬಹುದು. ಕಮಿಟ್ ಪಟ್ಟಿ ನೋಡಿ ಅಂಕ ಹಾಕುವ ಗೈಡ್‌ಗಳು ಈಗ ಇದ್ದಾರೆ.

ಎಐ ಬರೆದ ಕೋಡ್ ಬಗ್ಗೆ ಒಂದೇ ನಿಯಮ: ಸಾಲು ಸಾಲಾಗಿ ಜೊತೆಗಾರನಿಗೆ ವಿವರಿಸಲಾಗದ ಕೋಡ್ ಮೇನ್‌ಗೆ ಸೇರಬಾರದು.

ಕನ್ನಡದ ಅಕ್ಷರ

ಗುಮಾಸ್ತರು ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತಾರೆ, ಅದಕ್ಕೆ ಆ್ಯಪ್ ತಯಾರಿರಬೇಕು. ಮೈಎಸ್‌ಕ್ಯೂಎಲ್ ಟೇಬಲ್ ಅಥವಾ ಸಂಪರ್ಕ ಲ್ಯಾಟಿನ್1 (ಕನ್ನಡ ಅಕ್ಷರಗಳಿಲ್ಲದ ಹಳೆಯ ಸಂಕೇತ ಪದ್ಧತಿ) ಆಗಿದ್ದರೆ ಹೆಸರಿನ ಜಾಗದಲ್ಲಿ ಬರಿ ಪ್ರಶ್ನೆಚಿಹ್ನೆಗಳು ಉಳಿಯಬಹುದು, ಆಗ ಮೂಲ ಅಕ್ಷರ ಮತ್ತೆ ಸಿಗುವುದಿಲ್ಲ. ಟೇಬಲ್, ಸಂಪರ್ಕ ಎರಡನ್ನೂ ಯುಟಿಎಫ್8ಎಂಬಿ4 (ಯುನಿಕೋಡಿನ ಎಲ್ಲ ಅಕ್ಷರ ಹಿಡಿಸುವ ಪದ್ಧತಿ) ಮಾಡಿ. ಉದ್ದದ ಲೆಕ್ಕವೂ ಬೇರೆ. "ಶಿರಸಿ" ನಮ್ಮ ಕಣ್ಣಿಗೆ ಮೂರಕ್ಷರ. ಯುನಿಕೋಡಿಗೆ ಐದು, ಏಕೆಂದರೆ ಎರಡು ಗುಡಿಸುಗಳು ಬೇರೆ ಸಂಕೇತ. ಯುಟಿಎಫ್8ರಲ್ಲಿ ಅದು 15 ಬೈಟ್. "ಕ್ಷ" ಒಂದಕ್ಕೇ ಮೂರು ಸಂಕೇತ. ಹಾಗಾಗಿ ಹೆಸರಿಗೆ 20 ಅಕ್ಷರದ ಮಿತಿ ಹಾಕಬೇಡಿ, 100 ಕೊಡಿ. ಪಟ್ಟಿಯಲ್ಲಿ ಉದ್ದ ಹೆಸರನ್ನು ಕೋಡಿನಿಂದ ಕತ್ತರಿಸಿದರೆ ಗುಣಿತಚಿಹ್ನೆ ಹಾರಿಹೋಗಿ ಹೆಸರೇ ಬದಲಾಗುತ್ತದೆ.

ಪಿಡಿಎಫ್ ಇನ್ನೊಂದು ಉಪದ್ರ. ಜೆಎಸ್‌ಪಿಡಿಎಫ್‌ನಂಥ ಲೈಬ್ರರಿಗಳು ಒತ್ತಕ್ಷರ ಕೂಡಿಸುವುದಿಲ್ಲ, ಅಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ದಿನದ ಪಟ್ಟಿಯನ್ನು ಸಾಮಾನ್ಯ ವೆಬ್ ಪುಟವಾಗಿಯೇ ಮಾಡಿ, ಬ್ರೌಸರಿನ ಪ್ರಿಂಟ್‌ನಿಂದಲೇ ಪಿಡಿಎಫ್ ತೆಗೆಯಿರಿ. ಸೊಸೈಟಿಯ ಹಳೆಯ ಪಟ್ಟಿ ಯುನಿಕೋಡ್ ಪೂರ್ವದ ನುಡಿ ಅಕ್ಷರದಲ್ಲಿದ್ದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಕಣ್ಣಿಟ್ಟು ಓದಿ. ಅರ್ಕಾವೊತ್ತು ಇರುವ ಹೆಸರುಗಳಲ್ಲಿ ತಪ್ಪು ಉಳಿಯುವುದುಂಟು.

ಹುಡುಕಾಟವನ್ನು ಹೆಸರಿನ ಮೇಲೆ ನಿಲ್ಲಿಸಬೇಡಿ. ಒಬ್ಬರು ಹೆಗಡೆ ಎಂದರೆ ಇನ್ನೊಬ್ಬರು ಹೆಗ್ಡೆ ಎಂದು ಬರೆದಿರುತ್ತಾರೆ, ಮೇಲಾಗಿ ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಇರುತ್ತಾರೆ. ಫೋನ್ ನಂಬರಿನಿಂದ ಹುಡುಕಲಿ, ಪಟ್ಟಿಯಲ್ಲಿ ಹೆಸರಿನ ಪಕ್ಕ ಕೇರಿಯ ಹೆಸರು ಕಾಣಲಿ.

ವಾರಗಳ ನಡಿಗೆ

ಇಂಟರ್ನಲ್ಸ್ 5, 9, 12ನೇ ವಾರ, ಹಬ್ಬ 8ನೇ ವಾರ ಎಂದು ಹಿಡಿದರೆ ಕೆಲಸ ನಡೆಯುವುದು 1ರಿಂದ 4, 6, 7, 10, 11ರಲ್ಲಿ. ಬುಕಿಂಗ್ ಮತ್ತು ಡಬಲ್ ಬುಕಿಂಗ್ ತಡೆ 7ನೇ ವಾರದೊಳಗೆ ಮುಗಿಯಲೇಬೇಕು, ಏಕೆಂದರೆ ಆಮೇಲೆ ಎರಡು ವಾರ ಕೈ ಬಿಟ್ಟುಹೋಗಿ, ಹಿಂತಿರುಗಿದಾಗ ಅರ್ಧ ಮರೆತಿರುತ್ತದೆ. ಹೊಸ ಫೀಚರ್ 10ನೇ ವಾರಕ್ಕೆ ಬಂದ್. 11ನೇ ವಾರ ಸೊಸೈಟಿಗೆ ಹೋಗಿ ಗುಮಾಸ್ತರ ಕೈಗೇ ಮೌಸ್ ಕೊಟ್ಟು, ಹಿಂದೆ ಸುಮ್ಮನೆ ನಿಂತು ನೋಡಿ. "ಅಲ್ಲಿ ಒತ್ತಿ ಸರ್" ಎನ್ನಬೇಕೆನಿಸಿದ ಪ್ರತಿ ಜಾಗವನ್ನೂ ಬರೆದುಕೊಳ್ಳಿ, ತಿದ್ದಬೇಕಾದ್ದು ಅದೇ.

ವಾರಕ್ಕೆ ಎರಡು ಸಭೆ, ತಲಾ 15 ನಿಮಿಷ, ಬಸ್ಸಿಗೆ ಮುಂಚೆ. ಮೂರೇ ಮಾತು: ಏನು ಮುಗಿಯಿತು, ಮುಂದೇನು, ಎಲ್ಲಿ ಸಿಕ್ಕಿಬಿದ್ದಿದ್ದೀರಿ. "ಮುಗಿಯಿತು" ಎಂದರೆ ಮೇನ್‌ಗೆ ಸೇರಿ ಹೋಸ್ಟಿಂಗಿನಲ್ಲಿ ಓಡುತ್ತಿದೆ ಎಂದು. ಲ್ಯಾಪ್‌ಟಾಪಿನಲ್ಲಿ ಓಡಿದ್ದು ಲೆಕ್ಕಕ್ಕಿಲ್ಲ. ತಂಡದ ಒಬ್ಬರಿಂದ ಎರಡು ವಾರ ಒಂದೂ ಕಮಿಟ್ ಬರದಿದ್ದರೆ ಮೊದಲು ಅವರ ಹತ್ತಿರ ನೇರವಾಗಿ ಮಾತಾಡಿ, ಮನೆಯಲ್ಲಿ ಏನೋ ತೊಂದರೆ ಇರಬಹುದು. ಆಗಲೂ ಆಗದಿದ್ದರೆ ಜೊತೆಗಾರನಿಗೆ ಕೆಲಸ ದಾಟಿಸಿ, ಗೈಡ್‌ಗೆ ಇಮೇಲಿನಲ್ಲಿ ತಿಳಿಸಿ. ಕೊನೆಯ ವಾರದ ದೂರಿಗೆ ಯಾರೂ ಕಿವಿಗೊಡುವುದಿಲ್ಲ.

ವರದಿಯನ್ನು ಪ್ರತಿ ವಾರ ಅರ್ಧ ಗಂಟೆ ಬರೆಯಿರಿ. ಸ್ಕ್ರೀನ್‌ಶಾಟ್ ಮಾತ್ರ 11ನೇ ವಾರದ ನಂತರ. ಇಆರ್ ಚಿತ್ರ (ಟೇಬಲ್ಲುಗಳ ನಡುವಿನ ಸಂಬಂಧದ ನಕ್ಷೆ) ಈಗಿರುವ ಟೇಬಲ್ಲಿಗೆ ಹೊಂದುತ್ತದೆಯೇ ನೋಡಿ, ಎರಡನೇ ವಾರದ ಹಳೆಯ ಚಿತ್ರವೇ ಅಚ್ಚಾಗುವುದು ಬಲು ಸಾಮಾನ್ಯ.

ಡೆಮೊ ದಿನ

ಆ್ಯಪ್ ಮೂರು ರೂಪದಲ್ಲಿ ಜೊತೆಗಿರಲಿ: ಹೋಸ್ಟಿಂಗಿನಲ್ಲಿ, ಒಂದು ಲ್ಯಾಪ್‌ಟಾಪಿನಲ್ಲಿ ನೆಟ್ ಇಲ್ಲದೆ ಓಡುವಂತೆ, ಮತ್ತು ಮೂರು ನಿಮಿಷದ ಸ್ಕ್ರೀನ್ ರೆಕಾರ್ಡಿಂಗ್ ಆಗಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್. ಹಾಟ್‌ಸ್ಪಾಟ್‌ಗೆ ಬೇರೆಬೇರೆ ಕಂಪನಿಯ ಎರಡು ಸಿಮ್. ಎಚ್‌ಡಿಎಂಐ ಇಲ್ಲದ ತೆಳು ಲ್ಯಾಪ್‌ಟಾಪಾದರೆ ಅಡಾಪ್ಟರ್ ಹಿಂದಿನ ದಿನವೇ ಆ ಕೋಣೆಯ ಪ್ರೊಜೆಕ್ಟರಿಗೆ ಹಚ್ಚಿ ನೋಡಿ. ಮಲಗುವ ಹೋಸ್ಟಿಂಗ್ ಆಗಿದ್ದರೆ ನಿಮ್ಮ ಸರದಿಗೆ ಐದು ನಿಮಿಷ ಮುಂಚೆ ಪುಟ ತೆರೆದು ಎಬ್ಬಿಸಿಡಿ. ಹಿಂದಿನ ರಾತ್ರಿ 8ರ ಮೇಲೆ ಮೇನ್‌ಗೆ ಏನನ್ನೂ ಸೇರಿಸಬೇಡಿ, ಅಕ್ಷರದೋಷದ ತಿದ್ದುಪಡಿಯನ್ನು ಕೂಡ.

ತೋರಿಸುವ ಕ್ರಮ ಲಾಗಿನ್‌ನಿಂದ ಬೇಡ. ಮಳೆ ಬಂದ ದಿನದಿಂದ ಶುರು ಮಾಡಿ: ಆರು ಬುಕಿಂಗ್ ಇರುವ ದಿನ ಆರಿಸಿ, ಮುಂದೂಡು ಒತ್ತಿ, ಎಲ್ಲವೂ ಮುಂದಿನ ಖಾಲಿ ಹೊತ್ತುಗಳಿಗೆ ಸರಿದದ್ದನ್ನು ತೋರಿಸಿ. ಆಮೇಲೆ ಎರಡು ಬ್ರೌಸರಿನ ಡಬಲ್ ಬುಕಿಂಗ್. ಲಾಗಿನ್ ಕೇಳಿದರೆ ತೋರಿಸಿದರಾಯಿತು.

ವೈವಾ ಮುಗಿದ ಮೇಲೆ ಸೊಸೈಟಿಯವರು ಇದನ್ನು ಬಳಸುತ್ತೇವೆ ಎಂದರೆ ಹೋಸ್ಟಿಂಗ್ ಖಾತೆಯನ್ನು ಅವರ ಇಮೇಲಿಗೆ ವರ್ಗಾಯಿಸಿ, ನಿಮ್ಮ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ ಕೊಡಿ. ಬಳಸುವುದಿಲ್ಲ ಎಂದರೂ ತುಂಬಿಸಿಟ್ಟ ದಾಖಲೆ ಅವರದ್ದು, ಸಿಎಸ್‌ವಿ ಕಡತದಲ್ಲಿ ತೆಗೆದು ಒಪ್ಪಿಸಿ. ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಚೆಲ್ಲಾಪಿಲ್ಲಿಯಾಗದಿರಲು ಕಡತವನ್ನು ಯುಟಿಎಫ್8 ಬಿಒಎಂ (ಕಡತದ ಮೊದಲಿಗೆ ಬರುವ ಗುರುತು) ಸಮೇತ ಉಳಿಸಿರಬೇಕು.